ಪೆಟ್ಟಿಗೆ ತೆರೆದುಕೊಳ್ಳುವ ಮುನ್ನ

ಉಚಿತವಾಗಿ ಸಿಗುವ ಅನೇಕ ವಿಡಿಯೊ ಗೇಮ್‌ಗಳಲ್ಲಿ ಆಟ ಕೈಗೆ ಹತ್ತುತ್ತಿದ್ದಂತೆ ಒಂದು ಪೆಟ್ಟಿಗೆ ಎದುರಾಗುತ್ತದೆ. ಒಳಗೇನಿದೆ ಎಂಬುದು ತೆರೆಯುವವರೆಗೂ ತಿಳಿಯದು. ತೆರೆಯಲು ಆಟದೊಳಗಿನ ರತ್ನಗಳನ್ನೋ ನಾಣ್ಯಗಳನ್ನೋ ಕೊಡಬೇಕು, ಅವು ಮುಗಿದರೆ ನಿಜವಾದ ಹಣ ತೆತ್ತು ಕೊಳ್ಳಬೇಕು. ಗೇಮ್ ಆಡುವವರು ಇದನ್ನು ಲೂಟ್ ಬಾಕ್ಸ್ ಅಥವಾ ಗಾಚಾ ಎನ್ನುತ್ತಾರೆ.

ಗುಂಡಿ ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಯಾವ ವಸ್ತು ಸಿಗಬೇಕೆಂಬುದನ್ನು ಸಾಮಾನ್ಯವಾಗಿ ಕಂಪನಿಯ ಸರ್ವರ್ ಒಂದು ಯಾದೃಚ್ಛಿಕ ಸಂಖ್ಯೆಯ ಆಧಾರದಿಂದ ಆಗಲೇ ತೀರ್ಮಾನಿಸಿರುತ್ತದೆ. ಆದರೂ ಪರದೆಯ ಮೇಲೆ ಪೆಟ್ಟಿಗೆ ಅಲುಗಾಡುತ್ತದೆ, ಅದರ ಸಂದಿಯಿಂದ ಹೊಮ್ಮುವ ಬೆಳಕು ನೀಲಿಯಿಂದ ನೇರಳೆಗೆ, ಅದೃಷ್ಟವಿದ್ದರೆ ಚಿನ್ನದ ಬಣ್ಣಕ್ಕೆ ತಿರುಗುತ್ತದೆ. ಕೆಲವು ಗೇಮ್‌ಗಳಲ್ಲಿ ವಸ್ತುಗಳ ಸಾಲೊಂದು ಸರಸರನೆ ಓಡಿ, ವೇಗ ತಗ್ಗಿಸಿ, ಅಪರೂಪದ ವಸ್ತುವನ್ನು ಕೂದಲೆಳೆಯಷ್ಟು ದಾಟಿ ನಿಲ್ಲುವುದೂ ಉಂಟು. ಈ ವಿಳಂಬಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ.

ಕಾರಣವಿರುವುದು ಮಿದುಳಿನಲ್ಲಿ. ಎಷ್ಟು ಬಾರಿ ಕುಕ್ಕಿದರೆ ಕಾಳು ಬೀಳುತ್ತದೆಂಬುದು ಗೊತ್ತಾಗದಿದ್ದಾಗ ಪಾರಿವಾಳಗಳು ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತವೆ ಎಂಬುದನ್ನು ಮನೋವಿಜ್ಞಾನಿಗಳಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1950ರ ದಶಕದಲ್ಲಿಯೇ ವಿವರವಾಗಿ ದಾಖಲಿಸಿದ್ದರು. ಬಹುಮಾನ ಕೈಗೆ ಬಂದಾಗ ಮಾತ್ರ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ ಎಂಬ ಜನಪ್ರಿಯ ನಂಬಿಕೆ ಅರ್ಧಸತ್ಯ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಅವರ ತಂಡ 2003ರಲ್ಲಿ ಪ್ರಕಟಿಸಿದ, ಕೋತಿಗಳ ಮೇಲಿನ ಪ್ರಯೋಗದಲ್ಲಿ, ಫಲ ಬರಬಹುದೆಂಬ ಸೂಚನೆ ಕಂಡ ಗಳಿಗೆಯಿಂದ ಫಲ ದೊರೆಯುವ ಗಳಿಗೆಯವರೆಗೆ ಡೋಪಮೈನ್ ನರಕೋಶಗಳ ಚಟುವಟಿಕೆ ಮೆಲ್ಲಗೆ ಏರುತ್ತ ಹೋಯಿತು. ಆ ಏರಿಕೆ ಅತಿ ಹೆಚ್ಚಾಗಿದ್ದುದು ಫಲ ಸಿಗುವ ಮತ್ತು ಸಿಗದಿರುವ ಸಾಧ್ಯತೆಗಳು ಸಮಸಮವಾಗಿದ್ದಾಗ. ಇನ್ನು ಕೂದಲೆಳೆಯಲ್ಲಿ ತಪ್ಪಿದ ಫಲದ ವಿಷಯ. ಲ್ಯೂಕ್ ಕ್ಲಾರ್ಕ್ ಮತ್ತು ಸಹೋದ್ಯೋಗಿಗಳ 2009ರ ಅಧ್ಯಯನದಲ್ಲಿ, ಇಂಥ ಸೋಲು ಗೆಲುವಿಗೆ ಸ್ಪಂದಿಸುವ ಮಿದುಳಿನ ಭಾಗಗಳನ್ನೇ ಎಚ್ಚರಿಸಿತು. ತಪ್ಪಿದ್ದು ಹಿತವಾಗಿರಲಿಲ್ಲವೆಂದು ಸ್ವಯಂಸೇವಕರೇ ಹೇಳಿದರು, ಆದರೆ ಆಯ್ಕೆ ತಮ್ಮ ಕೈಯಲ್ಲಿದ್ದಾಗ ಮತ್ತೊಮ್ಮೆ ಆಡುವ ಬಯಕೆ ಮಾತ್ರ ಹೆಚ್ಚಿತು.

ಗೆಲ್ಲುವ ಸಾಧ್ಯತೆಯನ್ನು ಅಂಕಿಯಲ್ಲಿ ಪ್ರಕಟಿಸಿಬಿಟ್ಟರೆ ಸಾಕು ಎಂಬ ವಾದವಿದೆ, ನನಗದು ದುರ್ಬಲವೆನಿಸುತ್ತದೆ. ಶೇ. 1 ಎಂದೊಡನೆ ನೂರು ಪೆಟ್ಟಿಗೆಗಳಲ್ಲಿ ಒಂದಂತೂ ಖಚಿತ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ವಾಸ್ತವದಲ್ಲಿ ಪ್ರತಿ ಸಲವೂ ಸಿಗದಿರುವ ಸಾಧ್ಯತೆ 0.99, ನೂರು ಸಲದ 0.99ಗಳನ್ನು ಒಂದಕ್ಕೊಂದು ಗುಣಿಸಿದರೆ 0.366, ಅಂದರೆ ನೂರು ಪೆಟ್ಟಿಗೆ ತೆರೆದವರಲ್ಲಿ ಸುಮಾರು ಶೇ. 37ರಷ್ಟು ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಈ ನಿರಾಶೆಗೆ ಮದ್ದೆಂಬಂತೆ ಕೆಲವು ಗೇಮ್‌ಗಳು ಖಾತರಿ ಕೊಡುತ್ತವೆ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಅತಿ ಅಪರೂಪದ ದರ್ಜೆಯಾದ ಐದು ನಕ್ಷತ್ರದ ಪಾತ್ರ ಸಿಗುವ ಮೂಲ ಸಾಧ್ಯತೆ ಶೇ. 0.6 ಮಾತ್ರ, ಆದರೆ 90ನೇ ಪ್ರಯತ್ನದೊಳಗೆ ಐದು ನಕ್ಷತ್ರದ್ದೊಂದು ಖಂಡಿತ. ಅದು ನೀವು ಬಯಸಿದ ಪಾತ್ರವೇ ಎಂಬ ಖಾತರಿಗೆ ಕೆಲವೊಮ್ಮೆ 180 ಪ್ರಯತ್ನ ಬೇಕಾಗುತ್ತದೆ. ಎಪ್ಪತ್ತು ಪ್ರಯತ್ನ ದಾಟಿದವರಿಗೆ ಅಲ್ಲಿಗೇ ಕೈಬಿಡುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಖರ್ಚಿನ ಲೆಕ್ಕವೂ ಸಲೀಸಲ್ಲ. ಹಣದಿಂದ ಹರಳು, ಹರಳಿನಿಂದ ರತ್ನ, ರತ್ನದಿಂದ ಟಿಕೆಟ್ ಎಂದು ವಿನಿಮಯದ ಮೆಟ್ಟಿಲುಗಳನ್ನು ಇಳಿಯುವಷ್ಟರಲ್ಲಿ ಒಂದು ಪ್ರಯತ್ನಕ್ಕೆ ನಿಜವಾಗಿ ತಗಲಿದ್ದೆಷ್ಟು ಎಂಬುದು ಮರೆತೇ ಹೋಗಿರುತ್ತದೆ.

ಹಾಗಾದರೆ ಇದು ಜೂಜೇ? ಡೇವಿಡ್ ಜೆಂಡಲ್ ಮತ್ತು ಪಾಲ್ ಕೇರ್ನ್ಸ್ 2018ರಲ್ಲಿ 7,000ಕ್ಕೂ ಹೆಚ್ಚು ಆಟಗಾರರನ್ನು ಸಮೀಕ್ಷಿಸಿದಾಗ, ಜೂಜಿನ ಸಮಸ್ಯೆ ತೀವ್ರವಾಗಿದ್ದವರು ಪೆಟ್ಟಿಗೆಗಳಿಗೆ ಹೆಚ್ಚು ಖರ್ಚು ಮಾಡುತ್ತಿದ್ದುದು ಕಂಡುಬಂತು. ಪೆಟ್ಟಿಗೆ ಜೂಜಿನತ್ತ ಎಳೆಯಿತೋ, ಜೂಜಿನ ಚಟ ಪೆಟ್ಟಿಗೆಯತ್ತ ತಂದಿತೋ ಎಂಬುದು ಅಂಥ ಸಮೀಕ್ಷೆಯಿಂದ ತೀರ್ಮಾನವಾಗದು. ಕಾನೂನೂ ಒಮ್ಮತಕ್ಕೆ ಬಂದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಫಿಫಾ ಗೇಮ್‌ನ ತಯಾರಕರಿಗೆ ಅದರ ಲೂಟ್ ಬಾಕ್ಸ್‌ಗಳಾದ ‘ಪ್ಯಾಕ್’ಗಳಿಗಾಗಿ ವಿಧಿಸಿದ್ದ 1 ಕೋಟಿ ಯೂರೊ ದಂಡವನ್ನು ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2022ರಲ್ಲಿ ರದ್ದುಪಡಿಸಿತು. ಪ್ಯಾಕ್ ತೆರೆಯುವುದು ಪ್ರತ್ಯೇಕ ಆಟವಲ್ಲ, ಕೌಶಲದ ದೊಡ್ಡ ಆಟವೊಂದರ ಭಾಗ ಎಂಬುದು ಅದರ ನಿಲುವು. ಪಕ್ಕದ ಬೆಲ್ಜಿಯಂ ಮಾತ್ರ ಹಣ ಪಡೆದು ನೀಡುವ ಲೂಟ್ ಬಾಕ್ಸ್‌ಗಳು ಅಕ್ರಮ ಜೂಜೆಂದು 2018ರಲ್ಲೇ ಸಾರಿತ್ತು. ಆದರೆ 2022ರಲ್ಲಿ ಸಂಶೋಧಕ ಲಿಯಾನ್ ಷಾವ್ ಅಲ್ಲಿ ಅತಿ ಹೆಚ್ಚು ಗಳಿಸುತ್ತಿದ್ದ 100 ಐಫೋನ್ ಗೇಮ್‌ಗಳನ್ನು ಪರಿಶೀಲಿಸಿದಾಗ, 82ರಲ್ಲಿ ಅವೇ ಪೆಟ್ಟಿಗೆಗಳು ಮಾರಾಟಕ್ಕಿದ್ದವು.