ಟೋನಿ ಗಂಡೋ, ಹೆಣ್ಣೋ?

ಬ್ರಿಟನ್ನಿನ ಪ್ರಧಾನಿಯಾಗಿದ್ದವರು ಟೋನಿ ಬ್ಲೇರ್. 1993ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಅಮೆರಿಕದ ಲೇಖಕಿ ಟೋನಿ ಮಾರಿಸನ್. ಕನ್ನಡದಲ್ಲಿ ಬರೆದರೆ ಇಬ್ಬರೂ ಟೋನಿಯೇ. ಇಂಗ್ಲಿಷಿನಲ್ಲಿ ಬ್ಲೇರ್ ಹೆಸರಿನ ಕೊನೆಗೆ ‘ವೈ’, ಮಾರಿಸನ್ ಹೆಸರಿನ ಕೊನೆಗೆ ‘ಐ’. ಉಚ್ಚಾರ ಒಂದೇ. ಆದರೂ ಇಂಗ್ಲಿಷ್ ಓದುವವರ ಕಣ್ಣಿಗೆ ಒಂದು ಗಂಡಿನ ಹೆಸರು, ಇನ್ನೊಂದು ಹೆಣ್ಣಿನ ಹೆಸರು. ತಮಾಷೆ ಏನೆಂದರೆ ಮಾರಿಸನ್ ಅವರ ‘ಟೋನಿ’ ಬಂದದ್ದೂ ಆಂಟನಿ ಎಂಬ ಸಂತನ ಹೆಸರಿನಿಂದಲೇ.

ಹೆಸರನ್ನು ಮೊಟಕು ಮಾಡಿ ಕೊನೆಗೆ ‘ಇ’ ಸದ್ದು ಸೇರಿಸಿ ಮುದ್ದಾಗಿ ಕರೆಯುವುದು ಇಂಗ್ಲಿಷಿನಲ್ಲಿ ಹಳೆಯ ರೂಢಿ. ರಾಬರ್ಟ್ ಬಾಬಿಯಾಗುತ್ತಾನೆ, ವಿಲಿಯಂ ಬಿಲ್ಲಿಯಾಗುತ್ತಾನೆ. ‘ಇ’ ಸದ್ದು ಕೇಳಿದರೆ ಚಿಕ್ಕದು ಅನ್ನಿಸುವುದೂ ಇದೆ. 1929ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ‘ಮಿಲ್’, ‘ಮಾಲ್’ ಎಂಬ ಅರ್ಥವಿಲ್ಲದ ಎರಡು ಪದ ಕೊಟ್ಟು, ಎರಡೂ ಮೇಜಿನ ಹೆಸರು, ಯಾವುದು ದೊಡ್ಡದು ಎಂದು ಕೇಳಿದರು. ಹೆಚ್ಚಿನವರು ಮಾಲ್ ಅಂದರು. ಆದರೆ ಇದು ಸದ್ದಿನ ಕಥೆ. ಕೊನೆಗೆ ‘ವೈ’ ಬರೆದರೂ, ‘ಐ’ ಬರೆದರೂ, ‘ಐ’ ಮತ್ತು ‘ಇ’ ಎರಡೂ ಅಕ್ಷರ ಸೇರಿಸಿ ‘ಐ-ಇ’ ಎಂದು ಬರೆದರೂ ಸದ್ದು ಒಂದೇ ಆದಾಗ ಗಂಡು-ಹೆಣ್ಣಿನ ಭೇದ ಎಲ್ಲಿಂದ ಬಂತು?

ಸಿನಿಮಾ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರನ್ನೇ ನೋಡಿ. ಹುಟ್ಟು ಹೆಸರು ಸ್ಯಾಮ್ಯುಯೆಲ್, ಬಿಲ್ಲಿ ಎಂಬುದು ತಾಯಿ ಇಟ್ಟ ಅಡ್ಡಹೆಸರು. ಬರ್ಲಿನ್ನಿನಲ್ಲಿ ಚಿತ್ರಕಥೆ ಬರೆಯುತ್ತಿದ್ದ ದಿನಗಳಲ್ಲಿ ಪರದೆಯ ಮೇಲೆ ಅವರ ಹೆಸರು ‘ಐ-ಇ’ ಎಂದು ಮುಗಿಯುತ್ತಿತ್ತು. 1934ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಆ ‘ಐ-ಇ’ ಹೋಗಿ ‘ವೈ’ ಬಂತು. ಅಮೆರಿಕದಲ್ಲಿ ‘ಐ-ಇ’ ಬಿಲ್ಲಿ ಎಂದರೆ ಹೆಂಗಸರ ನೆನಪು: ಮೂಕಿ ಚಿತ್ರಗಳ ನಟಿ ಬಿಲ್ಲಿ ಡವ್, ಆಕೆಯಿಂದಲೇ ಹೆಸರು ಪಡೆದ ಗಾಯಕಿ ಬಿಲ್ಲಿ ಹಾಲಿಡೇ.

ಹಾಗಾದರೆ ‘ಐ-ಇ’ ಹೆಣ್ಣಿನದು, ‘ವೈ’ ಗಂಡಿನದು, ಅಲ್ವಾ? ಅಲ್ಲ. ಚಾರ್ಲಿ ಚಾಪ್ಲಿನ್, ಗಾಯಕ ಫ್ರೆಡ್ಡಿ ಮರ್ಕ್ಯುರಿ ಇಬ್ಬರಿಗೂ ‘ಐ-ಇ’. ಮೇರಿ, ಲೂಸಿ, ಬೆಟ್ಟಿಗೆ ‘ವೈ’. ಮೇರಿ ಗಂಡಸು ಎಂದು ಯಾರೂ ಅಂದುಕೊಳ್ಳುವುದಿಲ್ಲ. ಅಕ್ಷರಕ್ಕೆ ತನ್ನದೇ ಆದ ಲಿಂಗ ಇಲ್ಲ. ಒಂದೇ ಹೆಸರನ್ನು ಹುಡುಗನೂ ಹುಡುಗಿಯೂ ಇಟ್ಟುಕೊಂಡು, ಬರೆಯಲು ಎರಡು ದಾರಿ ಇದ್ದಾಗ ಮಾತ್ರ ಅದಕ್ಕೆ ಈ ಕೆಲಸ ಬೀಳುತ್ತದೆ. ಜ್ಯಾಕಿ ಹೆಸರಿಗೆ ‘ಐ-ಇ’ಯೇ ರೂಢಿ. ಹಾಗಾಗಿ ಬೇಸ್‌ಬಾಲ್ ಆಟಗಾರ ಜ್ಯಾಕಿ ರಾಬಿನ್ಸನ್ ಮತ್ತು ಅಮೆರಿಕದ ಅಧ್ಯಕ್ಷ ಕೆನಡಿಯವರ ಹೆಂಡತಿ ಜ್ಯಾಕಿ ಕೆನಡಿ ಒಂದೇ ಕಾಗುಣಿತದಲ್ಲಿ ಸುಮ್ನೆ ಹೊಂದಿಕೊಂಡರು.

ಜೋಡಿ ಇರುವ ಕಡೆ ಹಂಚಿಕೆ ಸಾಮಾನ್ಯವಾಗಿ ಒಂದೇ ಥರ. ಹಳೆಯ ಕಾಗುಣಿತ ಹುಡುಗರದು, ತಡವಾಗಿ ಬಂದ ಹುಡುಗಿಯರಿಗೆ ತಿದ್ದಿದ್ದು. ಇಂಗ್ಲಿಷಿನ ಸ್ವಂತ ಪದಗಳು ‘ಐ’ನಲ್ಲಿ ಮುಗಿಯುವುದು ತೀರಾ ಅಪರೂಪ. ಹಾಗಾಗಿ ಕೊನೆಯ ‘ಐ’ ಕಣ್ಣಿಗೆ ಹೊಡೆಯುತ್ತದೆ, ಹೊಸದಾಗಿ ಕಾಣುತ್ತದೆ. ಇಪ್ಪತ್ತನೇ ಶತಮಾನದ ನಡುವೆ ಅಮೆರಿಕದ ಟೆರಿ, ವಿಕಿ, ಲೋರಿ, ಪ್ಯಾಟಿಯರು ಅದನ್ನು ಚೆನ್ನಾಗಿ ಬಳಸಿಕೊಂಡರು. ಒಂದು ಕಾಗುಣಿತ ಹುಡುಗಿಯರದು ಅನ್ನಿಸಿದ ಮೇಲೆ ಗಂಡುಮಕ್ಕಳ ತಂದೆತಾಯಿ ಅದರ ಹತ್ತಿರ ಹೋಗುವುದು ಕಡಿಮೆ. ಹುಡುಗಿಯರಿಗೆ ಗಂಡುಹೆಸರು ಇಡಲು ಮಾತ್ರ ಅಷ್ಟು ಹಿಂಜರಿಕೆ ಇಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಕಾಗುಣಿತಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಇದೇ.

ಜರ್ಮನಿಯಲ್ಲಿ ಈ ಲೆಕ್ಕ ನಡೆಯುವುದೇ ಇಲ್ಲ. ಅಲ್ಲಿ ರೂಡಿ, ವಿಲ್ಲಿ, ಊಲಿ ಎಲ್ಲರೂ ಗಂಡಸರು, ಎಲ್ಲರ ಕೊನೆಗೂ ‘ಐ’. 2014ರ ವಿಶ್ವಕಪ್ ಗೆದ್ದ ಫುಟ್‌ಬಾಲ್ ತಂಡದ ಟೋನಿ ಕ್ರೂಸ್ ತನ್ನ ಹೆಸರನ್ನು ಬರೆಯುವುದು ಥೇಟ್ ಮಾರಿಸನ್ ಅವರಂತೆ.

ಇಂಗ್ಲಿಷಿನ ಒಳಗೇ ಉಲ್ಟಾ ಆದದ್ದೂ ಇದೆ. ಅಡ್ಡಹೆಸರಲ್ಲದಿದ್ದರೂ ಲೆಸ್ಲಿ ಎಂಬ ಹೆಸರನ್ನು ನೋಡಬೇಕು. ಬ್ರಿಟನ್ನಿನ ರೂಢಿಯಲ್ಲಿ ‘ಐ-ಇ’ ಲೆಸ್ಲಿ ಗಂಡಸು, ‘ಇ-ವೈ’ ಲೆಸ್ಲಿ ಹೆಂಗಸು. ಅಮೆರಿಕದಲ್ಲಿ ಅದೇ ‘ಐ-ಇ’ ಲೆಸ್ಲಿ ಬರಬರುತ್ತಾ ಹೆಚ್ಚಾಗಿ ಹುಡುಗಿಯರ ಹೆಸರಾಯಿತು.