ಗಲ್ಲಿಗೆ ಹಲವು ಬಾಗಿಲು, ಸೆರೆಗೆ ಒಂದೇ ಸಹಿ

ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅದಕ್ಕೆ ಎರಡು ವರ್ಷ ಮೊದಲೇ, 1829ರಲ್ಲಿ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಿದ್ದಳು. ನಾವು ಗಲ್ಲನ್ನು ನೆನಪಿಟ್ಟಷ್ಟು ಸೆರೆಯನ್ನು ನೆನಪಿಡುವುದಿಲ್ಲ. ಕಾನೂನೂ ಹಾಗೆಯೇ ಬೆಳೆದಿದೆ. ಇಂದು ಮರಣದಂಡನೆ ವಿಧಿಸಿದ ಸೆಷನ್ಸ್ ನ್ಯಾಯಾಲಯ ಅದನ್ನು ಹೈಕೋರ್ಟಿನ ದೃಢೀಕರಣಕ್ಕೆ ಕಳಿಸಲೇಬೇಕು. ಆಮೇಲೆ ಸುಪ್ರೀಂ ಕೋರ್ಟು, ಕ್ಷಮಾದಾನದ ಅರ್ಜಿ. ಅರ್ಜಿ ತಿರಸ್ಕೃತವಾದದ್ದು ಕೈದಿಗೆ ತಿಳಿದ ಮೇಲೂ 14 ದಿನ ಕಾಯಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ವಿಚಾರಣೆಯೇ ಇಲ್ಲದೆ ಒಬ್ಬರನ್ನು ಒಳಗಿಡುವ ಮುನ್ನೆಚ್ಚರಿಕೆ ಬಂಧನಕ್ಕೆ ಮಾತ್ರ ಆರಂಭದಲ್ಲಿ ಬೇಕಾಗುವುದು ಒಬ್ಬ ಅಧಿಕಾರಿಯ ಸಹಿ.

ಇದರ ಬೇರು ಕಂಪನಿ ಸರ್ಕಾರದ ಕಾಲದ್ದು. ಬಂಗಾಳದ 1818ರ ಮೂರನೇ ರೆಗ್ಯುಲೇಷನ್, ಮುಂಬೈಯ 1827ರ ಇಪ್ಪತ್ತೈದನೇ ರೆಗ್ಯುಲೇಷನ್ ಎರಡೂ ಸರ್ಕಾರಕ್ಕೆ ಬೇಡವಾದವರನ್ನು ‘ರಾಜ್ಯದ ಕೈದಿ’ ಎಂದು ವಿಚಾರಣೆಯಿಲ್ಲದೆ ಇಟ್ಟುಕೊಳ್ಳಲು ಅನುವು ಮಾಡಿದವು. 1907ರಲ್ಲಿ ಲಾಲಾ ಲಜಪತ ರಾಯರನ್ನು ಮ್ಯಾಂಡಲೆಗೆ ಸಾಗಿಸಿದ್ದು ಮೊದಲನೆಯದರ ಬಲದಿಂದ. ಉಪ್ಪಿನ ಸತ್ಯಾಗ್ರಹದ ನಂತರ, 1930ರ ಮೇ ತಿಂಗಳಲ್ಲಿ ಗಾಂಧೀಜಿಯನ್ನು ಯೆರವಡಾ ಜೈಲಿಗೆ ಒಯ್ದದ್ದು ಎರಡನೆಯದರ ಬಲದಿಂದ. ನೂರು ವರ್ಷ ಹಳೆಯ ಕಾಗದ ಆಗಲೂ ಕೆಲಸಕ್ಕೆ ಬಂತು.

ಸ್ವತಂತ್ರ ಭಾರತ ಇದನ್ನು ಕಿತ್ತೊಗೆಯಲಿಲ್ಲ, ಸಂವಿಧಾನದ 22ನೇ ವಿಧಿಯಲ್ಲೇ ಜಾಗ ಕೊಟ್ಟಿತು. ಗಣರಾಜ್ಯವಾಗಿ ತಿಂಗಳು ತುಂಬುವಷ್ಟರಲ್ಲಿ, 1950ರ ಫೆಬ್ರವರಿಯಲ್ಲಿ ಮುನ್ನೆಚ್ಚರಿಕೆ ಬಂಧನ ಕಾಯ್ದೆ ಬಂತು. ಅದು 1969ರ ಕೊನೆಗೆ ತೀರಿಹೋಯಿತು, 1971ರಲ್ಲಿ ಆಂತರಿಕ ಭದ್ರತೆ ಪಾಲನಾ ಕಾಯ್ದೆ, ಅಂದರೆ ಮೀಸಾ ಬಂತು.

ಬೆಂಗಳೂರಿನ ಕಥೆ ದಟ್ಟವಾಗುವುದು ಇಲ್ಲಿಂದ. ಪಕ್ಷಾಂತರ ನಿಷೇಧ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬೆಂಗಳೂರಿಗೆ ಬಂದಿದ್ದರು. ತುರ್ತು ಪರಿಸ್ಥಿತಿ ಘೋಷಣೆಯಾಗುತ್ತಿದ್ದಂತೆ, 1975ರ ಜೂನ್ 26ರಂದು ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ, ಅಂದರೆ ಇಂದಿನ ಫ್ರೀಡಂ ಪಾರ್ಕಿನ ಜಾಗಕ್ಕೆ ಒಯ್ದರು. ಜೂನ್ 27ರ ರಾಷ್ಟ್ರಪತಿ ಆದೇಶದಿಂದ ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧಿತರ ರಕ್ಷಣೆ ಕುರಿತ 14, 21, 22ನೇ ವಿಧಿಗಳ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವ ದಾರಿ ಮುಚ್ಚಿತು. ಎರಡು ದಿನಕ್ಕೆ ಸುಗ್ರೀವಾಜ್ಞೆ ಮೂಲಕ ಮೀಸಾಗೆ 16ಎ ಕಲಂ ಸೇರಿತು. ಕೆಡುಕಿನ ಕೀಲಿ ಇದ್ದದ್ದು ಈ ಕಲಮಿನಲ್ಲಿ. ‘ತುರ್ತು ಪರಿಸ್ಥಿತಿ ನಿಭಾಯಿಸಲು ಈ ಬಂಧನ ಅಗತ್ಯ’ ಎಂದು ಅಧಿಕಾರಿ ಘೋಷಿಸಿದರೆ ಬಂಧಿತನಿಗೆ ಕಾರಣ ಕೊಡಬೇಕಿಲ್ಲ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ಒಯ್ಯಬೇಕಿಲ್ಲ. ಸರ್ಕಾರ ತಾನೇ 15 ದಿನದೊಳಗೆ ಅದನ್ನು ದೃಢಪಡಿಸಿ, ನಾಲ್ಕು ತಿಂಗಳಿಗೊಮ್ಮೆ ತಾನೇ ಪರಿಶೀಲಿಸಿದರೆ ಸಾಕು. ಮುಂದೆ ಕಾರಣಗಳನ್ನು ನ್ಯಾಯಾಲಯಕ್ಕೂ ತೋರಿಸದಂತೆ ‘ಗೋಪ್ಯ’ ಮಾಡಿದರು.

ಈ ನಾಲ್ವರ ಪರವಾಗಿ ಕರ್ನಾಟಕ ಹೈಕೋರ್ಟಿನಲ್ಲಿ ಬಂಧನದ ಸಿಂಧುತ್ವ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಬಿತ್ತು. ವಾದಿಸಿದವರಲ್ಲಿ ಒಬ್ಬರಾದ ಎಂ. ರಾಮಾ ಜೋಯಿಸರೇ ಮುಂದೆ ಅದೇ ಜೈಲಿನ ಕೈದಿಯಾದರು. ಇಂಥ ಅರ್ಜಿಗಳನ್ನು ಕೇಳಬಹುದು ಎಂದ ಒಂಬತ್ತು ಹೈಕೋರ್ಟುಗಳಲ್ಲಿ ನಮ್ಮದೂ ಒಂದು. ಅದರ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಅವರಿಗೆ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಅವರಿಗೆ ಗುವಾಹಟಿಗೆ ವರ್ಗವಾಯಿತು. ‘ಆಡಳಿತದ ಅನುಕೂಲ’ ಎಂದು ನಂಬುವುದು ಕಷ್ಟ.

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಜಬಲ್ಪುರ ಪ್ರಕರಣದಲ್ಲಿ 4–1ರಿಂದ ಹೈಕೋರ್ಟುಗಳ ನಿಲುವನ್ನು ತಳ್ಳಿಹಾಕಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದರು. ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲ ಎಂಬುದು ಅಟಾರ್ನಿ ಜನರಲ್ ನಿರೇನ್ ಡೇ ಅವರ ಉತ್ತರವಾಗಿತ್ತು. ಭಿನ್ನ ತೀರ್ಪು ಬರೆದ ಖನ್ನಾರನ್ನು ಬದಿಗಿಟ್ಟು 1977ರಲ್ಲಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು.

ತೀರ್ಪು ಬಂದ ಕೆಲವೇ ದಿನಕ್ಕೆ, ಮೇ 2ರಂದು, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ಬಂಧಿಸಿದರು. ಸರ್ಕಾರದ ವಿರುದ್ಧ ಸ್ಫೋಟದ ಸಂಚು ನಡೆಯಿತೆಂಬ ಬರೋಡಾ ಡೈನಮೈಟ್ ಪ್ರಕರಣದ ಅನುಮಾನದಲ್ಲಿ ಹಿಡಿದರೂ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸಾಮಾನ್ಯ ಕಾನೂನಿನಲ್ಲಾದರೆ ಅಲ್ಲಿಗೆ ಬಿಡುಗಡೆ. ಮೀಸಾ ಇದ್ದುದರಿಂದ ಸೆರೆ ಮುಂದುವರಿಯಿತು. ಅವರಿಗೆ ತೀವ್ರ ಅಸ್ತಮಾ ಇತ್ತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮಗೆ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. ಯಾವ ನ್ಯಾಯಾಧೀಶರೂ ಅವರಿಗೆ ಒಂದು ದಿನದ ಶಿಕ್ಷೆಯನ್ನೂ ವಿಧಿಸಿರಲಿಲ್ಲ.

ಮೀಸಾ 1978ರಲ್ಲಿ ರದ್ದಾಯಿತು. ಅದೇ ವರ್ಷದ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡಬಾರದೆಂದಿತು. ಜಬಲ್ಪುರ ತೀರ್ಪು ಮಾತ್ರ 2017ರ ಆಗಸ್ಟ್ 24ರವರೆಗೆ ಪುಸ್ತಕದಲ್ಲಿ ಉಳಿದಿತ್ತು. ಅದನ್ನು ಕೆಡವಿದ ಖಾಸಗಿತನದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪಿನ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗನೇ ಅದು ತಪ್ಪೆಂದು ಬರೆದರು.

ಈಗಿನ ಕ್ರಮ ಹೀಗಿದೆ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಾಗಲಿ, ಕರ್ನಾಟಕದ 1985ರ ಗೂಂಡಾ ಕಾಯ್ದೆಯಾಗಲಿ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಆದೇಶಕ್ಕೆ ಸಹಿ ಹಾಕಬಹುದು. 12 ದಿನದೊಳಗೆ ರಾಜ್ಯ ಸರ್ಕಾರ ಒಪ್ಪಬೇಕು, ಇಲ್ಲವಾದರೆ ಆದೇಶ ಬಿದ್ದುಹೋಗುತ್ತದೆ. ಸಾಮಾನ್ಯವಾಗಿ ಐದು ದಿನದೊಳಗೆ ಬಂಧಿತನಿಗೆ ಕಾರಣಗಳನ್ನು ಕೊಡಬೇಕು. ಮೂರು ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು, ಬಂಧನದಿಂದ ಏಳು ವಾರದೊಳಗೆ ಅದರ ವರದಿ ಬರಬೇಕು. ಗರಿಷ್ಠ ಅವಧಿ 12 ತಿಂಗಳು. ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿಲ್ಲ.

ಇಂಥ ಆದೇಶಗಳು ಹೈಕೋರ್ಟಿನಲ್ಲಿ ಬೀಳುವುದು ಬಹುಮಟ್ಟಿಗೆ ಕಾಗದದ ತಪ್ಪಿಗೆ. ಬಂಧಿತನ ಮನವಿಯನ್ನು ಸರ್ಕಾರ ಕಾರಣವಿಲ್ಲದೆ ತಡಮಾಡಿರುತ್ತದೆ, ಆಧಾರವಾಗಿಟ್ಟ ದಾಖಲೆಗಳ ಪ್ರತಿ ಕೊಟ್ಟಿರುವುದಿಲ್ಲ, ಅಥವಾ ಅವನಿಗೆ ಬಾರದ ಭಾಷೆಯಲ್ಲಿ ಕಾರಣ ಬರೆದಿರುತ್ತದೆ. ಹಿಂದಿ ಮಾತ್ರ ಬಲ್ಲವನಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟದ್ದು ಸಾಲದೆಂದು ಸುಪ್ರೀಂ ಕೋರ್ಟು 1962ರಲ್ಲೇ ಹೇಳಿದೆ. ಬಂಧನ ಬೇಕಿತ್ತೇ ಎಂಬ ಮೂಲ ಪ್ರಶ್ನೆಗೆ ಬಂದರೆ, ಅಧಿಕಾರಿಯ ‘ಮನವರಿಕೆ’ಯನ್ನು ಅಳೆಯಲು ನ್ಯಾಯಾಲಯಗಳು ಈಗಲೂ ಹಿಂಜರಿಯುತ್ತವೆ.

44ನೇ ತಿದ್ದುಪಡಿಯಲ್ಲಿ ಇನ್ನೊಂದು ಅಂಶವಿತ್ತು. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಇಟ್ಟುಕೊಳ್ಳಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಿ, ಮಂಡಳಿಯನ್ನು ಹೈಕೋರ್ಟು ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕೆಂಬುದು. ಸಂಸತ್ತು ಅಂಗೀಕರಿಸಿದ ಆ ಕಲಮನ್ನು ಜಾರಿಗೆ ತರುವ ಅಧಿಸೂಚನೆಯನ್ನು ತುರ್ತು ಪರಿಸ್ಥಿತಿಯಲ್ಲಿ ಸೆರೆಯಲ್ಲಿದ್ದವರೇ ಪ್ರಧಾನಿಗಳಾದಾಗಲೂ ಯಾರೂ ಹೊರಡಿಸಲಿಲ್ಲ.