ತಮ್ಮನನ್ನು ವಸತಿ ಕೇಂದ್ರಕ್ಕೆ ಸೇರಿಸುವ ಮುನ್ನ ಏನೇನು ನೋಡಬೇಕು?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ 34 ವರ್ಷ. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆ ಇದೆ, ಆಗಾಗ ಫಿಟ್ಸ್ ಬರುತ್ತದೆ. ಅಪ್ಪ ತೀರಿಕೊಂಡಿದ್ದಾರೆ, ಅಮ್ಮನಿಗೆ ಎಪ್ಪತ್ತು ದಾಟಿದೆ, ನಾನು ಮದುವೆಯಾಗಿ ಹಾಸನದಲ್ಲಿದ್ದೇನೆ. ಅವನನ್ನು ವಸತಿ ಕೇಂದ್ರಕ್ಕೆ ಸೇರಿಸಬೇಕಾದ ಪರಿಸ್ಥಿತಿ ಬಂದಿದೆ. ನಾವು ನೋಡಿಬಂದ ಕೇಂದ್ರದವರು ಸರ್ಕಾರದ ನೋಂದಣಿ ಪತ್ರ ತೋರಿಸಿದರು, ಜಾಗವೂ ಚೊಕ್ಕಟವಾಗಿತ್ತು. ಇಷ್ಟು ಸಾಕೇ? ಗುಣಮಟ್ಟವನ್ನು ನಾವೇ ತಿಳಿದುಕೊಳ್ಳುವುದು ಹೇಗೆ?

ಉತ್ತರ: ಸಾಲದು. ಆದರೆ ಆ ಪತ್ರ ಇಲ್ಲದಿದ್ದರೆ ಮುಂದಿನ ಮಾತೇ ಬೇಡ ಎಂಬುದೂ ಅಷ್ಟೇ ನಿಜ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 50ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರದ ನೋಂದಣಿ ಇಲ್ಲದೆ ಅಂಗವಿಕಲರಿಗಾಗಿ ಖಾಸಗಿ ಸಂಸ್ಥೆಯನ್ನು ನಡೆಸುವಂತಿಲ್ಲ; ಆ ಪತ್ರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ತೂಗುಹಾಕಬೇಕೆಂದೂ ಕಾಯ್ದೆ ಹೇಳುತ್ತದೆ. ಸರ್ಕಾರವೇ ನಡೆಸುವ ಕೇಂದ್ರಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ. ಪತ್ರವನ್ನು ದೂರದಿಂದ ನೋಡಿ ತಲೆಯಾಡಿಸಬೇಡಿ. ಅದು ಯಾವ ವಿಳಾಸಕ್ಕೆ ಕೊಟ್ಟದ್ದು, ಯಾವ ದಿನಾಂಕದವರೆಗೆ ಊರ್ಜಿತವಾಗಿದೆ, ಮಕ್ಕಳ ಹಗಲು ಶಾಲೆಗೆ ಪಡೆದದ್ದೋ ವಯಸ್ಕರ ವಸತಿಗೆ ಪಡೆದದ್ದೋ ಎಂಬುದನ್ನು ಓದಿ ನೋಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಅಡಿಯ ಪರವಾನಗಿಯನ್ನು ಮುಂದೆ ಹಿಡಿದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ಆ ಕಾಯ್ದೆಯ ವ್ಯಾಖ್ಯೆಯು ಬೌದ್ಧಿಕ ವಿಕಲತೆಯನ್ನು, ಅಂದರೆ ಬುದ್ಧಿಮಾಂದ್ಯತೆಯನ್ನು, ಮಾನಸಿಕ ಕಾಯಿಲೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ನಿಮ್ಮ ತಮ್ಮನಿಗೆ ಬೇಕಾಗಿರುವುದು ಮನೋರೋಗಿಗಳ ವಾರ್ಡ್ ಅಲ್ಲ.

ನೋಂದಣಿ ಪತ್ರವು ಕೇಂದ್ರವನ್ನು ನಡೆಸಲು ಅನುಮತಿ ಇದೆ ಎಂಬುದನ್ನು ಮಾತ್ರ ಹೇಳುತ್ತದೆ. ಒಳಗಿರುವವರ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಹೇಳುವುದಿಲ್ಲ. ತಪಾಸಣಾ ವ್ಯವಸ್ಥೆ ಬಲವಾಗಿರುವ ಇಂಗ್ಲೆಂಡ್‌ನಲ್ಲಿಯೇ ಇದು ರುಜುವಾತಾಗಿದೆ. ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆ ನೋಂದಣಿ ಪಡೆದಿತ್ತು, ಕಟ್ಟಡವೂ ಸುಸಜ್ಜಿತವಾಗಿತ್ತು. ಅಲ್ಲಿ ಬೌದ್ಧಿಕ ವಿಕಲತೆಯುಳ್ಳ ವಯಸ್ಕರನ್ನು ಸಿಬ್ಬಂದಿ ಹೊಡೆದು ಹಿಂಸಿಸುತ್ತಿದ್ದುದನ್ನು 2011ರಲ್ಲಿ ಬಿಬಿಸಿ ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ತೋರಿಸಿತು. ಅದಕ್ಕೂ ಮೊದಲೇ ಅಲ್ಲಿನ ಹಿರಿಯ ನರ್ಸ್ ಒಬ್ಬರು ಅಲ್ಲಿನ ತಪಾಸಣಾ ಆಯೋಗಕ್ಕೆ (ಕೇರ್ ಕ್ವಾಲಿಟಿ ಕಮಿಷನ್) ದೂರು ಕೊಟ್ಟಿದ್ದರೂ ಆಯೋಗ ಸಕಾಲದಲ್ಲಿ ಕದಲಲಿಲ್ಲ. ಮುಂದೆ 11 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಅವರಲ್ಲಿ 6 ಮಂದಿ ಜೈಲಿಗೆ ಹೋದರು. ಆ ಆಯೋಗ ಕೇಂದ್ರವೊಂದನ್ನು ಅಳೆಯಲು ಕೇಳಿಕೊಳ್ಳುವ ಪ್ರಶ್ನೆಗಳು ಐದು: ಇಲ್ಲಿ ಸುರಕ್ಷೆ ಇದೆಯೇ, ಆರೈಕೆ ಫಲ ಕೊಡುತ್ತಿದೆಯೇ, ಅಕ್ಕರೆ ಇದೆಯೇ, ಒಬ್ಬೊಬ್ಬರ ಅಗತ್ಯಕ್ಕೂ ಸ್ಪಂದನವಿದೆಯೇ, ಆಡಳಿತ ಸರಿಯಿದೆಯೇ. ತಪಾಸಣೆಗೆ ಹೋಗುವ ತಂಡದಲ್ಲಿ ಅಂಥ ಆರೈಕೆಯನ್ನು ಸ್ವತಃ ಪಡೆದವರನ್ನೂ ಅವರ ಮನೆಯವರನ್ನೂ ಸೇರಿಸಿಕೊಳ್ಳುವ ಪದ್ಧತಿಯೂ ಅಲ್ಲಿದೆ. ಅಧಿಕಾರಿಯ ಕಣ್ಣಿಗೆ ಬೀಳದ್ದು ಅವರ ಕಣ್ಣಿಗೆ ಬೀಳುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ಆದ್ದರಿಂದ, ನೀವು ಅಧಿಕಾರಿಯಲ್ಲ ಎಂದು ಹಿಂಜರಿಯಬೇಕಾಗಿಲ್ಲ.

ಮೊದಲ ಭೇಟಿ ಹೇಳಿಕೇಳಿ ಹೋದದ್ದಾಗಿರಲಿ. ಎರಡನೆಯದು ಹೇಳದೆ ಹೋದದ್ದಾಗಿರಬೇಕು. ಬೆಳಿಗ್ಗೆ ಸ್ನಾನದ ಹೊತ್ತು, ಸಂಜೆ ದೀಪ ಹಚ್ಚುವ ಹೊತ್ತು, ಭಾನುವಾರದ ಮಧ್ಯಾಹ್ನ, ಇವು ಸಿಬ್ಬಂದಿ ಕಡಿಮೆ ಇದ್ದು ಕೆಲಸ ಹೆಚ್ಚಿರುವ ಸಮಯಗಳು. ಮಲೆನಾಡಿನಲ್ಲಾದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಒಮ್ಮೆ ಹೋಗಿ ಬರಬೇಕೆಂದು ನನ್ನ ಸಲಹೆ. ಬೇಸಿಗೆಯಲ್ಲಿ ಅಂದವಾಗಿ ಕಾಣುವ ಕಟ್ಟಡದ ಗೋಡೆ ಆಗ ನೀರು ಜಿನುಗುತ್ತಿರಬಹುದು, ಒಗೆದ ಬಟ್ಟೆ ವಾರವಾದರೂ ಒಣಗದೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಎದ್ದಿರಬಹುದು, ಎರಡು ದಿನ ಕರೆಂಟಿಲ್ಲದೆ ಬಿಸಿನೀರು ನಿಂತಿರಬಹುದು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ, 2019ರ ಆಗಸ್ಟಿನಲ್ಲಿ ಆದಂತೆ, ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ಹತ್ತಿರದ ದಾರಿಯೇ ಮುಚ್ಚಿಹೋಗುತ್ತದೆ. ಅಂಥ ರಾತ್ರಿ ಯಾರಿಗಾದರೂ ಫಿಟ್ಸ್ ಬಂದರೆ ಯಾವ ವಾಹನದಲ್ಲಿ ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಕೇಳಿ. ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹಾಸನಕ್ಕೋ, ಚಾಲಕ ಯಾರು, ರಾತ್ರಿ ಅವನು ಎಲ್ಲಿರುತ್ತಾನೆ ಎಂದು ಥಟ್ಟನೆ ಹೇಳಬಲ್ಲವರು ಅದನ್ನು ಮೊದಲೇ ಯೋಚಿಸಿದ್ದಾರೆ ಎಂದರ್ಥ.

ಒಳಗೆ ಹೋದ ಮೇಲೆ ನೆಲದ ಹೊಳಪಿಗಿಂತ ಅಲ್ಲಿರುವವರ ದಿನಚರಿಯನ್ನು ನೋಡಿ. ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಕಚೇರಿಯ ಕಡತಗಳು ಹೇಳದ ಬಹಳ ಸಂಗತಿಗಳು ತಿಳಿಯುತ್ತವೆ. ಬಡಿಸುವವರು ಹೆಸರು ಹಿಡಿದು ಮಾತನಾಡಿಸುತ್ತಾರೋ, ತಟ್ಟೆ ಇಟ್ಟು ಮುಂದೆ ಹೋಗುತ್ತಾರೋ? ಮುದ್ದೆ ಬೇಡ, ಅನ್ನ ಹಾಕಿ ಎಂದು ಕೈಸನ್ನೆಯಲ್ಲಿ ಹೇಳುವವನ ಮಾತು ನಡೆಯುತ್ತದೆಯೋ? ನುಂಗಲು ಕಷ್ಟಪಡುವವರನ್ನು ನೆಟ್ಟಗೆ ಕೂರಿಸಿ ನಿಧಾನವಾಗಿ ಉಣಿಸುತ್ತಾರೋ, ಅವಸರದಲ್ಲಿ ತುತ್ತು ತುರುಕುತ್ತಾರೋ? ಹೀಗೆ ತುರುಕಿದಾಗ ಅನ್ನದಗುಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬೌದ್ಧಿಕ ವಿಕಲತೆಯುಳ್ಳವರ ಸಾವಿಗೆ ಇದು ಪದೇ ಪದೇ ಕಾಣುವ ಕಾರಣ. ಬಟ್ಟೆಗಳು ಅವರವರದೇ ಆಗಿವೆಯೋ, ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ತೊಡಿಸುತ್ತಾರೋ, ಶೌಚಾಲಯಕ್ಕೆ ಒಳಗಿನಿಂದ ಹಾಕುವ ಚಿಲಕ ಇದೆಯೋ, ಮಲಗುವ ಕೋಣೆಗೆ ಹೊರಗಿನಿಂದ ಬೀಗ ಬೀಳುತ್ತದೆಯೋ ಎಂಬುದನ್ನೂ ಗಮನಿಸಿ. ಯಾರನ್ನಾದರೂ ಕಟ್ಟಿಹಾಕಿರುವುದು ಕಂಡರೆ, ಅದಕ್ಕೆ ಎಂಥ ವಿವರಣೆ ಕೊಟ್ಟರೂ, ಅಲ್ಲಿಂದ ಎದ್ದು ಬನ್ನಿ.

ಹಗಲಿಡೀ ಟಿವಿಯ ಮುಂದೆ ಸಾಲಾಗಿ ಕೂತಿರುವುದು ಶಾಂತಿಯ ಲಕ್ಷಣವಲ್ಲ. ಕಾಫಿ ಸೀಮೆಯ ಹಳ್ಳಿಯಲ್ಲಿ ಬೆಳೆದ ನಿಮ್ಮ ತಮ್ಮ ಬಹುಶಃ ದರಗು ಗುಡಿಸುವುದು, ದನಕ್ಕೆ ಹುಲ್ಲು ಹಾಕುವುದು, ಕಣದಲ್ಲಿ ಕಾಫಿ ಹರಡುವುದು ಮುಂತಾದ ಕೆಲಸಗಳನ್ನು ಬಲ್ಲವನಾಗಿರುತ್ತಾನೆ. ಅವನಿಗೆ ಅಲ್ಲಿ ಅಂಥ ಕೆಲಸ ಏನಿದೆ, ವಾರಕ್ಕೊಮ್ಮೆಯಾದರೂ ಸಂತೆಗೋ ದೇವಸ್ಥಾನಕ್ಕೋ ಕರೆದೊಯ್ಯುತ್ತಾರೆಯೇ ಎಂದು ವಿಚಾರಿಸಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ವಯಸ್ಸಿಗೆ ಬಂದವನ ವಾಸದ ತೀರ್ಮಾನವನ್ನು ಅವನನ್ನು ಕೇಳದೆ ಮಾಡುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. 2016ರ ಕಾಯ್ದೆಯ 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನು ಅವನಿಗೂ ಕೊಟ್ಟಿದೆ. ಎರಡು ವಾರ ಇದ್ದು ನೋಡುವ ಏರ್ಪಾಡಿಗೆ ಕೇಂದ್ರದವರು ಒಪ್ಪದಿದ್ದರೆ ಅದೂ ಒಂದು ಸುಳಿವು.

ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಔಷಧಿಯ ಕಪಾಟು. ಪ್ರತಿಯೊಬ್ಬರಿಗೂ ಪ್ರತ್ಯೇಕ ಔಷಧಿ ಪುಸ್ತಕವಿದ್ದು, ಕೊಟ್ಟ ಹೊತ್ತಿಗೆ ಕೊಟ್ಟವರ ಸಹಿ ಇರಬೇಕು. ಇಡೀ ತಿಂಗಳ ಸಹಿ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಒಂದೇ ಸಲ ಕುಳಿತು ಹಾಕಿದಂತಿದ್ದರೆ ನಿಮಗೇ ಅರ್ಥವಾಗುತ್ತದೆ. ಫಿಟ್ಸ್‌ನ ಗುಳಿಗೆಯನ್ನು ಏಕಾಏಕಿ ನಿಲ್ಲಿಸಿದರೆ ಬಿಟ್ಟೂಬಿಡದೆ ಸೆಳೆತ ಬಂದು ಪ್ರಾಣಕ್ಕೆ ಅಪಾಯವಾಗಬಹುದಾದ್ದರಿಂದ, ಮಳೆಗಾಲದಲ್ಲಿ ಎಷ್ಟು ದಿನದ ದಾಸ್ತಾನು ಇಟ್ಟಿರುತ್ತಾರೆ ಎಂದು ಕೇಳಿ. ಐದು ನಿಮಿಷ ದಾಟಿದ ಫಿಟ್ಸ್ ತುರ್ತು ಸ್ಥಿತಿ ಎಂಬುದು ರಾತ್ರಿ ಪಾಳಿಯವರಿಗೂ ಗೊತ್ತಿರಬೇಕು. ವೈದ್ಯರು ಬರೆದುಕೊಟ್ಟಿದ್ದರೆ ಸೆಳೆತ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಔಷಧಿ ಎಲ್ಲಿದೆ ಎಂಬುದೂ ಅವರಿಗೆ ತಿಳಿದಿರಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಮಂಪರಿನ ಗುಳಿಗೆಗಳ ವಿಚಾರ. ಮನೋರೋಗವೇ ಇಲ್ಲದವರಿಗೆ, ಗಲಾಟೆ ಮಾಡುತ್ತಾರೆಂಬ ಒಂದೇ ಕಾರಣಕ್ಕೆ ರಿಸ್ಪೆರಿಡೋನ್‌ನಂಥ ಔಷಧಿಗಳನ್ನು ವರ್ಷಗಟ್ಟಲೆ ನುಂಗಿಸುವುದು ಅನೇಕ ದೇಶಗಳಲ್ಲಿ ಕಂಡುಬಂದಿರುವ ದುರಭ್ಯಾಸ. ಇಂಗ್ಲೆಂಡ್‌ನ ರಾಷ್ಟ್ರೀಯ ಆರೋಗ್ಯ ಸೇವೆ 2016ರಲ್ಲಿ ಇದರ ವಿರುದ್ಧವೇ ಒಂದು ಅಭಿಯಾನ ಹೂಡಬೇಕಾಯಿತು. ಮಾತು ಬಾರದವನು ತಲೆ ಚಚ್ಚಿಕೊಳ್ಳುತ್ತಿದ್ದರೆ ಮೊದಲು ನೋಡಬೇಕಾದದ್ದು ಹಲ್ಲು, ಕಿವಿ, ಹೊಟ್ಟೆ. ಎಷ್ಟೋ ಸಲ ಹಟ ಎಂದುಕೊಂಡದ್ದು ವಾರದಿಂದ ಕಟ್ಟಿಕೊಂಡ ಮಲಬದ್ಧತೆಯಾಗಿರುತ್ತದೆ. ಯಾವ ಗುಳಿಗೆ, ಯಾವ ಕಾಯಿಲೆಗೆ, ಯಾರು ಬರೆದದ್ದು, ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆಗಳನ್ನು ಸೇರಿಸುವ ಮೊದಲೂ ಸೇರಿಸಿದ ಮೇಲೂ ಕೇಳುತ್ತಿರಿ. ತಿಂಗಳ ತೂಕದ ದಾಖಲೆಯನ್ನೂ ನೋಡಿ. ತೂಕ ಇಳಿಯುತ್ತಿದ್ದರೆ ಊಟದಲ್ಲಿ ತೊಂದರೆ ಇರಬಹುದು, ಏರುತ್ತಿದ್ದರೆ ಕಾರಣ ಔಷಧಿಯಲ್ಲಿರಬಹುದು.

ಸಿಬ್ಬಂದಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಆದರೆ ನಿಮ್ಮ ತಮ್ಮನ ಜೊತೆ ಹಗಲಿರುಳು ಇರುವವರು ಅವರಲ್ಲ, ಆಯಾಗಳು ಮತ್ತು ಸಹಾಯಕರು. ಅವರು ಎಷ್ಟು ವರ್ಷದಿಂದ ಇದ್ದಾರೆ, ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ ಎಂದು ಕೇಳಿದರೆ ಸಾಕು. ಮೂರು ತಿಂಗಳಿಗೊಮ್ಮೆ ಮುಖಗಳು ಬದಲಾಗುವ ಕಡೆ ಯಾರ ಸ್ವಭಾವವೂ ಯಾರಿಗೂ ತಿಳಿದಿರುವುದಿಲ್ಲ.

ಹಣ ಮತ್ತು ಸಹಿಯ ವಿಷಯದಲ್ಲಿ ಅನೇಕ ಕುಟುಂಬಗಳು ಎಡವುತ್ತವೆ. ಮಾಸಾಶನದ ಪಾಸ್‌ಬುಕ್, ಎಟಿಎಂ ಕಾರ್ಡ್, ಆಧಾರ್ ಮತ್ತು ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಕಾರ್ಡುಗಳ ಮೂಲಪ್ರತಿಗಳನ್ನು ಕೇಂದ್ರದ ವಶಕ್ಕೆ ಕೊಡಬೇಡಿ, ನಕಲು ಕೊಡಿ. 18 ವರ್ಷ ತುಂಬಿದ ಮೇಲೆ ಹೆತ್ತವರೂ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಕಲತೆ ಉಳ್ಳವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಅಡಿಯಲ್ಲಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯು ಪೋಷಕರನ್ನು ನೇಮಿಸುತ್ತದೆ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಆ ಸಮಿತಿಯಲ್ಲಿರುತ್ತಾರೆ. ಹೀಗೆ ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಬಳಿಕ ವರ್ಷಕ್ಕೊಮ್ಮೆ ಲೆಕ್ಕವನ್ನು ಒಪ್ಪಿಸಬೇಕು. ಅಮ್ಮ ಗಟ್ಟಿಯಾಗಿರುವಾಗಲೇ ನಿಮ್ಮ ಹೆಸರಿಗೆ ಅರ್ಜಿ ಹಾಕಿದರೆ, ನಾಳೆ ಕೇಂದ್ರದ ಮುಖ್ಯಸ್ಥರೇ ಪೋಷಕರ ಜಾಗದಲ್ಲಿ ಸಹಿ ಹಾಕುವ ಸಂದರ್ಭ ಬರುವುದಿಲ್ಲ. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ದೊರೆಯುತ್ತದೆ; ಅದನ್ನೂ ಮಾಡಿಸಿಡಿ.

ಸರ್ಕಾರದ ಅನುದಾನ ಪಡೆಯುವ ಕೇಂದ್ರವಾದರೆ, ಅಧಿಕಾರಿಗಳ ತಪಾಸಣಾ ವರದಿಯ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. 30 ದಿನಗಳೊಳಗೆ ಉತ್ತರಿಸಬೇಕು. ಅರ್ಜಿಯನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ. ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೋ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೋ ಕಂಡರೆ ಅರ್ಜಿ ಬರೆಯಲು ನೆರವಾಗುತ್ತಾರೆ, ಕೇಂದ್ರದ ಬಗ್ಗೆ ಕಿವಿಗೆ ಬಿದ್ದ ಮಾತನ್ನೂ ಹೇಳುತ್ತಾರೆ.

ಸೇರಿಸಿದ ಮೇಲೆ ಹಿಂಸೆಯ ಅನುಮಾನ ಬಂದರೆ ಕೇಂದ್ರದ ಆಡಳಿತದ ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. 2016ರ ಕಾಯ್ದೆಯ 7ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಆ ವ್ಯಾಪ್ತಿಯ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅಂದರೆ ತಹಶೀಲ್ದಾರರಿಗೆ ಅಥವಾ ಉಪವಿಭಾಗಾಧಿಕಾರಿಗೆ, ಮಾಹಿತಿ ಕೊಡಬಹುದು. ಹಿಂಸೆಯನ್ನು ತಡೆಯಲು ಅವರು ಕೂಡಲೇ ಕ್ರಮ ಕೈಗೊಳ್ಳಬೇಕು. ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೂ ದೂರಿನ ಪ್ರತಿ ಕಳುಹಿಸಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಗಾಯವಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಗಾಯದ ಪ್ರಮಾಣಪತ್ರ ಪಡೆಯಿರಿ, ದೂರು ಕೊಟ್ಟ ಪ್ರತಿಯೊಂದು ಕಚೇರಿಯಿಂದಲೂ ಮೊಹರು ಒತ್ತಿದ ಸ್ವೀಕೃತಿ ತೆಗೆದುಕೊಳ್ಳಿ.